ಹಳೆಯ ಗಣಕ ಕಡತಗಳು ಮತ್ತು ಹೊಸ ಕಾರ್ಯಾಚರಣಾ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ಮೂರ್ನಾಡೂ ಸೇರಿದಂತೆ ಕೊಡಗು ಜಿಲ್ಲೆಯ ಅನೇಕ ಕುಟುಂಬಗಳು ವಂಶವೃಕ್ಷ, ಪಾಲುಪಟ್ಟಿಯ ಕರಡು, ಜಮ್ಮಾ ಜಮೀನಿನ ಮನವಿ ಮುಂತಾದವುಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಿ ಇಟ್ಟುಕೊಂಡಿರುವುದುಂಟು. ಗಣಕಯಂತ್ರವನ್ನು ಬದಲಾಯಿಸಿದಾಗ ಈ ಕಡತಗಳು ಓದಲು ಬಾರದಂತಾಗಬಹುದು. ಇದರ ಕಾರಣ ಹಾಗೂ ಪರಿಹಾರವನ್ನು ಇಲ್ಲಿ ವಿವರಿಸಲಾಗಿದೆ.

ಬೆಂಬಲ ನಿಲ್ಲುವುದು ಏಕೆ?

ಹಳೆಯ ತಂತ್ರಾಂಶಗಳು ಹೊಸ ವ್ಯವಸ್ಥೆಯಲ್ಲಿಯೂ ನಡೆಯುವಂತೆ ನೋಡಿಕೊಳ್ಳುವುದನ್ನು ಹಿಂದಿನ ಹೊಂದಾಣಿಕೆ ಎನ್ನಬಹುದು. ಇದರಿಂದ ಬಳಕೆದಾರರಿಗೆ ಅನುಕೂಲವಾದರೂ, ಹಳೆಯ ಭಾಗಗಳೊಡನೆ ಅವುಗಳ ಭದ್ರತಾ ದೋಷಗಳೂ ಉಳಿಯುತ್ತವೆ. 2017ರ ಮೇ ತಿಂಗಳಿನಲ್ಲಿ ಹರಡಿದ ವನ್ನಾಕ್ರೈ ಕುತಂತ್ರಾಂಶವು ಇಂತಹ ಹಳೆಯ ಭಾಗವೊಂದರ ದೋಷವನ್ನೇ ಬಳಸಿಕೊಂಡಿತು. ವಿಂಡೋಸ್ ಎಕ್ಸ್‌ಪಿ ಬೆಂಬಲವು 2014ರ ಏಪ್ರಿಲ್ 8ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡವು. ವಿಂಡೋಸ್ 11 ಕೇವಲ 64 ಬಿಟ್ ವ್ಯವಸ್ಥೆಯಾಗಿರುವುದರಿಂದ, ಹಳೆಯ 32 ಬಿಟ್ ತಂತ್ರಾಂಶಗಳು ಬಹುಮಟ್ಟಿಗೆ ನಡೆದರೂ ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

ಕನ್ನಡ ಕಡತಗಳ ವಿಶೇಷ ತೊಡಕು

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳು ರೋಮನ್ ಲಿಪಿಯ ಸಂಕೇತಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳನ್ನು ಇರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದ್ದು, 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕಾರ್ಯಾಚರಣಾ ವ್ಯವಸ್ಥೆಯೇ ಅದನ್ನು ಬೆಂಬಲಿಸುತ್ತಿದೆ.

ಹಳೆಯ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು ಹಾಗೂ ಒತ್ತಕ್ಷರಗಳು ತಪ್ಪುವ ಸಂಭವವಿದೆ. ಉದಾಹರಣೆಗೆ, 'ಮೂರ್ನಾಡು' ಎಂಬ ಹೆಸರಿನ ಅರ್ಕಾವತ್ತು ಹಳೆಯ ಕಡತದಲ್ಲಿ 'ನಾ' ಅಕ್ಷರದ ನಂತರ ಇರುತ್ತದೆ; ಯುನಿಕೋಡ್‌ನಲ್ಲಿ ರಕಾರವು ಮೊದಲು ಬರಬೇಕು. ಮನೆಹೆಸರಿನಲ್ಲಿ ಇಂತಹ ಒಂದು ಅಕ್ಷರ ತಪ್ಪಿದರೂ ಪಹಣಿಯ ಹೆಸರಿಗೂ ಅರ್ಜಿಯ ಹೆಸರಿಗೂ ವ್ಯತ್ಯಾಸ ಉಂಟಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ, ಅದರಲ್ಲಿಯೇ ಕಡತಗಳನ್ನು ತೆರೆದು ಮುದ್ರಿತ ಪ್ರತಿ ಹಾಗೂ ಅಕ್ಷರಶೈಲಿ ಅಡಕವಾದ ಪಿಡಿಎಫ್ ಪ್ರತಿಯನ್ನು ಪಡೆಯುವುದು.
2. ಮೂಲ ಕಡತವನ್ನು ಅಳಿಸದೆ, ಅದರ ನಕಲನ್ನು ಮಾತ್ರ ಯುನಿಕೋಡ್‌ಗೆ ಪರಿವರ್ತಿಸುವುದು.
3. ಹೆಸರು, ಮನೆಹೆಸರು, ಗ್ರಾಮ ಹಾಗೂ ಸರ್ವೆ ನಂಬರುಗಳನ್ನು ಮುದ್ರಿತ ಪ್ರತಿಯೊಂದಿಗೆ ಅಕ್ಷರಶಃ ತಾಳೆ ನೋಡುವುದು.
4. ಬೆಂಬಲ ಮುಗಿದ ಯಂತ್ರವನ್ನು ಹಳೆಯ ಕಡತಗಳನ್ನು ತೆರೆಯಲು ಮಾತ್ರ, ಅಂತರ್ಜಾಲ ಸಂಪರ್ಕವಿಲ್ಲದೆ ಬಳಸುವುದು.

ಕಾರ್ಯಾಚರಣಾ ವ್ಯವಸ್ಥೆಯ ಆಯುಷ್ಯ ಸುಮಾರು ಹತ್ತು ವರ್ಷ. ಜಮೀನಿನ ದಾಖಲೆಯ ಅವಶ್ಯಕತೆ ತಲೆಮಾರುಗಳದ್ದು. ಆದ್ದರಿಂದ ಹಳೆಯ ಯಂತ್ರವು ಕೆಲಸ ಮಾಡುತ್ತಿರುವಾಗಲೇ ಈ ಕಾರ್ಯವನ್ನು ಪೂರ್ಣಗೊಳಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.