ಸೋಲರಿಯದ ಆರು ಪಂದ್ಯಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ತಮ್ಮ ವಾಹನವನ್ನು ಬುಡದಲ್ಲಿ ನಿಲ್ಲಿಸಿ ಸರಕಾರಿ ಬಸ್ಸಿಗಾಗಿ ಕಾಯಲೇಬೇಕು. 1,454 ಮೀಟರ್ ಎತ್ತರದ ಆ ನೆತ್ತಿಯಲ್ಲಿ ವೇಣುಗೋಪಾಲನು ಮಂಜಿನ ಮರೆಯಲ್ಲಿದ್ದ. ಕೆಳಗೆ ನಾವು ಬಿಸಿಲಿನಲ್ಲಿದ್ದೆವು. ಪ್ರವಾಸ ಬಂದಿದ್ದ ಶಾಲೆಯೊಂದರ ಹುಡುಗಿಯರಿಗೆ ಕಾದು ಕಾದು ಬೇಸರವಾಗಿರಬೇಕು. ಕಂಬಗಳ ಬದಲಿಗೆ ಎರಡು ಚೀಲಗಳನ್ನಿಟ್ಟು, ಸಾಲಾಗಿ ಕುಕ್ಕರಿಸಿ, ಖೊ-ಖೊ ಆರಂಭಿಸಿಯೇಬಿಟ್ಟರು. “ಯಾವ ಊರಿನ ಮಕ್ಕಳಮ್ಮಾ?” ಎಂದು ಉಪಾಧ್ಯಾಯಿನಿಯನ್ನು ಕೇಳಿದೆ. “ನರಸೀಪುರದ ಕಡೆಯವರು ಸಾರ್, ಚೈತ್ರಾಳ ಸೀಮೆ” ಎಂದರು. ಅದಕ್ಕಿಂತ ಹೆಚ್ಚಿನ ವಿಳಾಸ ಬೇಕಿಲ್ಲವೆಂಬ ಧ್ವನಿ ಆ ಮಾತಿನಲ್ಲಿತ್ತು.

ಚೈತ್ರಾ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ರೈತ ಮನೆತನದ ಹೆಣ್ಣುಮಗಳು. 2025ರ ಜನವರಿ 13ರಿಂದ 19ರವರೆಗೆ ದೆಹಲಿಯಲ್ಲಿ ನಡೆದ ಮೊದಲನೆಯ ಖೊ-ಖೊ ವಿಶ್ವಕಪ್ಪಿನಲ್ಲಿ, ಪ್ರಿಯಾಂಕಾ ಇಂಗಳೆಯ ನಾಯಕತ್ವದ ಭಾರತದ ವನಿತೆಯರು ಆರು ಪಂದ್ಯಗಳನ್ನಾಡಿ ಆರನ್ನೂ ಗೆದ್ದರಷ್ಟೆ. ಆ ತಂಡದಲ್ಲಿದ್ದ ಕನ್ನಡತಿ ಈಕೆ.

ಅಂಕಿಗಳನ್ನು ಕಂಡು ಹಿಗ್ಗುವ ಮುನ್ನ ಕೊಂಚ ತಡೆಯುವುದು ಲೇಸು. ದಕ್ಷಿಣ ಕೊರಿಯದ ಮೇಲೆ 175–18, ಇರಾನಿನ ಮೇಲೆ 100–16, ಮಲೇಷ್ಯದ ಮೇಲೆ 100–20, ಕ್ವಾರ್ಟರ್ ಫೈನಲಿನಲ್ಲಿ ಬಾಂಗ್ಲಾದೇಶದ ಮೇಲೆ 109–16. ಇವನ್ನು ಪಂದ್ಯಗಳೆನ್ನುವುದಕ್ಕಿಂತ ಪಾಠಗಳೆನ್ನುವುದೇ ಸರಿಯೇನೋ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ನಿಯಮಗಳನ್ನು ಗೊತ್ತುಮಾಡಿದಂದಿನಿಂದ ನಮ್ಮ ಶಾಲೆಗಳ ಬಯಲಿನಲ್ಲಿ ಬೆಳೆದ ಆಟವಿದು. ಮೊನ್ನೆಮೊನ್ನೆ ಕಲಿತವರನ್ನು ಗೆದ್ದೆವೆಂದು ಮೀಸೆ ತಿರುವುವುದರಲ್ಲಿ ಅರ್ಥವಿಲ್ಲ. ಸೆಮಿಫೈನಲಿನಲ್ಲಿ ದಕ್ಷಿಣ ಆಫ್ರಿಕ ನಮ್ಮನ್ನು 66ಕ್ಕೆ ತಡೆಯಿತು, ತಾನು ಗಳಿಸಿದ್ದು 16. ನಿಜವಾಗಿ ಎದುರು ನಿಂತವರು ನೇಪಾಳದವರು.

ಆ ಫೈನಲ್ ಪಂದ್ಯವನ್ನು ಸವಿಯಲು ಲೆಕ್ಕ ತುಸು ತಿಳಿದಿರಬೇಕು. ಒಂದೊಂದು ತಂಡವೂ ಏಳೇಳು ನಿಮಿಷಗಳ ಎರಡು ಸರದಿ ಅಟ್ಟುತ್ತದೆ, ಎರಡು ಸರದಿ ಓಡುತ್ತದೆ. ಓಡುವವರು ಮೂವರು ಮೂವರಾಗಿ ಅಂಗಳಕ್ಕಿಳಿಯುತ್ತಾರೆ. ಒಬ್ಬರು ಔಟಾದರೆ ಅಟ್ಟಿದವರಿಗೆ ಎರಡು ಅಂಕ. ಮೂವರ ಗುಂಪು ಮೂರು ನಿಮಿಷ ಉಳಿದುಕೊಂಡರೆ ಮಾತ್ರ ಓಡುವವರಿಗೂ ಒಂದು ಅಂಕ, ಮುಂದೆ ಅರ್ಧ ಅರ್ಧ ನಿಮಿಷಕ್ಕೆ ಒಂದೊಂದು. ಇದಕ್ಕೆ ‘ಡ್ರೀಮ್ ರನ್’ ಎಂಬ ಹೆಸರು. ಕನಸಿನಲ್ಲಿ ಕಾಲೇ ಏಳುವುದಿಲ್ಲವೆಂಬುದನ್ನು ಹೆಸರಿಟ್ಟವರು ಮರೆತಿರಬೇಕು! ಮೊದಲ ಸರದಿಯಲ್ಲಿ ಅಟ್ಟಿದ ಭಾರತ 34 ಗಳಿಸಿತು, ನೇಪಾಳ ಸೊನ್ನೆ. ಎರಡನೆಯದರಲ್ಲಿ ನೇಪಾಳ ಮೈಕೊಡವಿ ಎದ್ದು 24 ಗಳಿಸಿತು. ನಮಗೆ ದೊರೆತದ್ದು ಒಂದೇ ಅಂಕ. ಆ ವಾರದಲ್ಲಿ ನಮ್ಮವರ ಎದೆ ಡವಗುಟ್ಟಿದ್ದರೆ ಆಗಲೇ ಇರಬೇಕು. ಮೂರನೆಯ ಸರದಿ ಮುಗಿದಾಗ ಲೆಕ್ಕ 73–24.

ಗೆಲುವು ಆಗಲೇ ಕೈಸೇರಿತ್ತೆಂದು ಹೇಳಬಹುದು. ಆದರೂ ಕೊನೆಯ ಸರದಿಯಲ್ಲಿ ಚೈತ್ರಾಳಿದ್ದ ಗುಂಪು ಓಡಿದ ಓಟ ಲೆಕ್ಕದ ಅಗತ್ಯವನ್ನು ಮೀರಿದ್ದು. ಐದು ನಿಮಿಷ ಕಳೆದರೂ ಆ ಗುಂಪನ್ನು ಮುಗಿಸುವುದು ನೇಪಾಳಕ್ಕೆ ಆಗಲಿಲ್ಲ. ಐದು ಅಂಕಗಳು ಸೇರಿ 78–40. ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂದು ಆಕೆಯನ್ನೇ ಆರಿಸಿದರು. ಓಡುವವಳ ಕೈಯಲ್ಲಿ ದಾಂಡಿಲ್ಲ, ಚೆಂಡಿಲ್ಲ. ಬೆನ್ನ ಹಿಂದಿನ ಹೆಜ್ಜೆಯ ಸಪ್ಪಳ, ಎಲ್ಲಿಂದ ‘ಖೊ’ ಎದ್ದೀತೆಂಬ ಊಹೆ, ಹೊರಳುವ ಸೊಂಟ, ಇಷ್ಟೇ ಬಂಡವಾಳ. ಹಳ್ಳಿಯ ಶಾಲೆಗೆ ಈ ಆಟ ಒಗ್ಗಿದ್ದು ಇದರಿಂದಲೇ.

ಪುರುಷರ ತಂಡವೂ ಅದೇ ದಿನ ನೇಪಾಳವನ್ನು 54–36ರಿಂದ ಗೆದ್ದು, ಸೋಲರಿಯದೆಯೇ ಕಪ್ಪು ಪಡೆಯಿತು. ಅದರಲ್ಲಿ ನಮ್ಮ ಎಂ. ಕೆ. ಗೌತಮ್ ಇದ್ದರು. ಊರಿಗೆ ಮರಳಿದ ಇವರಿಬ್ಬರಿಗೂ ರಾಜ್ಯ ಸರಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡವೆಂದರು. ಮಹಾರಾಷ್ಟ್ರವು ತನ್ನ ಆಟಗಾರರಿಗೆ ತಲಾ 2.25 ಕೋಟಿಯನ್ನೂ ಸರಕಾರಿ ಉದ್ಯೋಗವನ್ನೂ ಘೋಷಿಸಿತ್ತು. ಇದನ್ನು ದುರಾಸೆಯೆಂದು ಮೂಗು ಮುರಿದವರು ಇದ್ದಿರಬಹುದು, ನನಗೆ ಹಾಗನ್ನಿಸದು. ಒಂದು ತಿರುವಿನಲ್ಲಿ ಮೊಣಕಾಲು ಜಾರಿದರೆ ಮುಗಿಯುವ ವೃತ್ತಿಯಿದು. ಗೆದ್ದು ಬಂದ ರೈತರ ಮಗಳು, ಕೈಗೆ ಬಂದ ಹಣವನ್ನು ಬಿಟ್ಟು, ನಾಳೆಯ ಅನ್ನದ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದಳಲ್ಲ, ಅದಕ್ಕೂ ಎದೆಗಾರಿಕೆ ಬೇಕು.

ಅಷ್ಟರಲ್ಲಿ ಬಸ್ಸು ಬಂತು. ಉಪಾಧ್ಯಾಯಿನಿ ಚಪ್ಪಾಳೆ ತಟ್ಟಿ ಕರೆದರು. ಸಾಲಿನಲ್ಲಿ ಕುಳಿತವರೆಲ್ಲ ಲಂಗದ ಧೂಳು ಕೊಡವಿ ಓಡಿಬಂದು ಹತ್ತಿದರು. ಒಬ್ಬಳು ಮಾತ್ರ ಚೀಲದ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತೇ ಇದ್ದಳು: “ಮಿಸ್, ನಾನಿನ್ನೂ ಔಟಾಗಿಲ್ಲ!”