ಅಂಗಿಯ ಬೆಲೆಯಲ್ಲಿ ಹೊಲಿದವರ ಪಾಲೆಷ್ಟು?



ನಮ್ಮ ಊರುಗಳ ಕಡೆ ಆಷಾಢ ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಬಟ್ಟೆಯ ಮಾತೂ ಅಷ್ಟಕ್ಕಷ್ಟೇ. ಚೆನ್ನೈನಲ್ಲಿ ಅದೇ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಟಿ. ನಗರದ ರಂಗನಾಥನ್ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ! ಶುಭಕಾರ್ಯಗಳಿಲ್ಲದ ತಿಂಗಳಲ್ಲಿ ವ್ಯಾಪಾರ ಸೊರಗಬಾರದೆಂದು ಅಂಗಡಿಯವರು ಕಂಡುಕೊಂಡ ಉಪಾಯವೇ ‘ಆಡಿ ತಳ್ಳುಬಡಿ’. ಒಂದು ಕುರ್ತಾ ಕೊಂಡರೆ ಇನ್ನೊಂದು ಉಚಿತ ಎಂಬ ಫಲಕ ಕಂಡರೆ ನಮ್ಮ ಕೈ ತಾನಾಗಿ ಪರ್ಸಿನತ್ತ ಹೋಗುತ್ತದೆ.

ಆದರೆ ಆ ‘ಉಚಿತ’ ಕುರ್ತಾವನ್ನೂ ಯಾರೋ ಒಬ್ಬರು ಮೆಷಿನ್ ಮುಂದೆ ಕೂತು ಹೊಲಿದಿದ್ದಾರೆ. ಅವರಿಗೆ ಸಿಕ್ಕ ಕೂಲಿ ಎಷ್ಟು? ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಕೆಲಸ ಮಾಡುವ ಪುಟ್ಟ ಉಡುಪು ಸಂಸ್ಥೆಗಳೂ ಇವೆ. ಪರಿಸರಕ್ಕೆ ಹಾನಿಯಾಗದ ಬಟ್ಟೆ ಆರಿಸಿಕೊಂಡು, ಮಹಿಳೆಯರೇ ನಡೆಸುವ ಹೊಲಿಗೆ ಕೇಂದ್ರಗಳ ಜೊತೆ ಕೈಜೋಡಿಸಿ ಇವು ಉಡುಪು ತಯಾರಿಸುತ್ತವೆ. ಈ ಜೊತೆಗಾರಿಕೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಇದರಲ್ಲಿ ನಮ್ಮ ನಿಮ್ಮ ಪಾತ್ರವೇನು? ಬನ್ನಿ, ನೋಡೋಣ.

ಸಣ್ಣವರಿಗೆ ಸಣ್ಣವರೇ ಜೊತೆ

ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಬ್ಬಾಕೆ ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಾಕೆ ತೋಳು ಮಾತ್ರ ಜೋಡಿಸುತ್ತಾಳೆ, ಮತ್ತೊಬ್ಬಾಕೆಗೆ ಕಾಜಾ-ಗುಂಡಿಯ ಕೆಲಸ. ಇಂಥ ಸಾಲು ಲಾಭದಲ್ಲಿ ಓಡಬೇಕಾದರೆ ಒಂದೇ ನಮೂನೆಯ ಸಾವಿರಾರು ಅಂಗಿಗಳ ಆರ್ಡರ್ ಬೇಕು. ನೂರು ಕುರ್ತಾ ಹೊಲಿಸಬೇಕೆಂದು ಬರುವವರನ್ನು ಆ ಕಾರ್ಖಾನೆ ಒಳಗೂ ಕರೆಯುವುದಿಲ್ಲ.

ಸಣ್ಣ ಹೊಲಿಗೆ ಕೇಂದ್ರದ ರೀತಿಯೇ ಬೇರೆ. ಕಟ್ಟಿಂಗ್‌ನಿಂದ ಇಸ್ತ್ರಿಯವರೆಗೆ ಇಡೀ ಉಡುಪನ್ನು ಒಬ್ಬರೋ ಇಬ್ಬರೋ ಸೇರಿ ಮುಗಿಸುತ್ತಾರೆ. ನಮೂನೆ ಬದಲಾದರೂ ತೊಂದರೆಯಿಲ್ಲ. ಹಾಗಾಗಿ ಸಣ್ಣ ಸಂಸ್ಥೆಗೆ ಈ ಕೇಂದ್ರ ಬೇಕು, ಈ ಕೇಂದ್ರಕ್ಕೆ ಸಣ್ಣ ಸಂಸ್ಥೆಯೇ ಬೇಕು. ಇದು ದಾನಧರ್ಮದ ಮಾತಲ್ಲ, ಇಬ್ಬರ ಅಗತ್ಯವೂ ಕೂಡಿಬಂದದ್ದು.

ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆಗೆ. ಆರು ಮಂದಿಯ ಕೇಂದ್ರದಲ್ಲಿ ಒಬ್ಬೊಬ್ಬರು ದಿನಕ್ಕೆ 2 ಕುರ್ತಾ ಹೊಲಿದರೆ, 25 ದಿನಕ್ಕೆ 300 ಕುರ್ತಾ ಆಯಿತು. ದೀಪಾವಳಿಗೆ ಮುಂಚೆ ಯಾರೋ ಬಂದು 600 ಕುರ್ತಾಗಳ ಆರ್ಡರ್ ಕೊಟ್ಟರೆ ಎರಡು ತಿಂಗಳು ಹಬ್ಬ, ಉಳಿದ ಹತ್ತು ತಿಂಗಳು ಖಾಲಿ! ಅದರ ಬದಲು ಮೂರು ಪುಟ್ಟ ಸಂಸ್ಥೆಗಳು ತಿಂಗಳಿಗೆ ನೂರು ನೂರರಂತೆ ಕೊಟ್ಟರೆ ವರ್ಷವಿಡೀ ಕೈತುಂಬ ಕೆಲಸ. ಮಗಳ ಶಾಲೆಯ ಫೀಸು, ಮನೆ ಬಾಡಿಗೆ, ಚೀಟಿಯ ಕಂತು ಇವೆಲ್ಲ ತಿಂಗಳು ತಿಂಗಳೂ ಬರುವ ಖರ್ಚುಗಳು. ಸಂಪಾದನೆಯೂ ತಿಂಗಳು ತಿಂಗಳೂ ಬರಬೇಕಲ್ಲವೇ?

ಕೂಲಿ ನಿಗದಿಯಾಗುವ ಬಗೆ

ಹೊಲಿಗೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಪೀಸ್ ರೇಟು. ಒಂದು ಅಂಗಿಗೆ ಇಷ್ಟು ಎಂಬ ಲೆಕ್ಕ. ಈ ದರವನ್ನು ಎರಡು ರೀತಿಯಲ್ಲಿ ಕಟ್ಟಬಹುದು. ಮೊದಲನೆಯದು, ಮಾರುವ ಬೆಲೆಯಿಂದ ಹಿಂದಕ್ಕೆ ಬರುವುದು: ಇಷ್ಟಕ್ಕೆ ಮಾರಬೇಕು, ಅಂಗಡಿ ಬಾಡಿಗೆ ಇಷ್ಟು, ಜಾಹೀರಾತು ಇಷ್ಟು, ಲಾಭ ಇಷ್ಟು, ಉಳಿದದ್ದು ಹೊಲಿದವರಿಗೆ. ಎರಡನೆಯದು, ಹೊಲಿಯುವವರಿಂದ ಮುಂದಕ್ಕೆ ಹೋಗುವುದು: ಮೊದಲು ಒಂದು ಮಾದರಿ ಹೊಲಿಸಿ, ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ, ನ್ಯಾಯವಾದ ದಿನಗೂಲಿಗೆ ಹೊಂದಿಸಿ ದರ ಕಟ್ಟುವುದು. ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡು ದಿನಕ್ಕೆ 2 ಕುರ್ತಾ ಆದರೆ, ಒಂದಕ್ಕೆ 250 ರೂಪಾಯಿ ಹೊಲಿಗೆ ಕೂಲಿ. ಇದರ ಮೇಲೆ ಬಟ್ಟೆ, ದಾರ, ಗುಂಡಿ, ಬಣ್ಣ, ಸಾಗಣೆ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಬೆಲೆಗೆ ಇಂಥ ಕುರ್ತಾ ಏಕೆ ಬರುವುದಿಲ್ಲ ಎಂಬುದು ಈಗ ಅರ್ಥವಾಗುತ್ತದೆ.

ಅಗ್ಗದ ಬಟ್ಟೆಯ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆದರೂ ಗಾರ್ಮೆಂಟ್ ಕೆಲಸಗಾರರನ್ನು ಒಳಗೆ ಕರೆಸಲಾಗಿತ್ತು. ನಮ್ಮ ಪಕ್ಕದ ತಿರುಪ್ಪೂರಿನಲ್ಲಿ ಬೆಲೆ ತೆತ್ತದ್ದು ನೊಯ್ಯಲ್ ನದಿ. ಬಣ್ಣದ ನೀರು ಹರಿದು ಹರಿದು, ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಬೇಕಾಯಿತು.

ಸುನಾಮಿಯ ಗೊಂಬೆ, ಸಿಟ್ಟಿಲಿಂಗಿಯ ಕಸೂತಿ

ನಮ್ಮ ಸುತ್ತಮುತ್ತಲೇ ನಡೆದ ಎರಡು ಪ್ರಯತ್ನಗಳನ್ನು ನೋಡೋಣ. 2004ರ ಡಿಸೆಂಬರ್ 26ರ ಸುನಾಮಿಯನ್ನು ಮರೀನಾ ಕಂಡ ನಾವು ಮರೆಯುವುದುಂಟೇ? ಪುದುಚೇರಿ ಸಮೀಪದ ಆರೋವಿಲ್‌ನಲ್ಲಿ ‘ಉಪಾಸನಾ’ ಎಂಬ ಉಡುಪು ವಿನ್ಯಾಸ ಕೇಂದ್ರವಿದೆ. ಉಮಾ ಪ್ರಜಾಪತಿ ಅವರು ಕಟ್ಟಿದ್ದು. ಸುನಾಮಿಯಲ್ಲಿ ಬದುಕು ಕಳೆದುಕೊಂಡ ಮೀನುಗಾರ ಕುಟುಂಬಗಳ ಹೆಂಗಸರ ಕೈಗೆ ಈ ಸಂಸ್ಥೆ ಸೂಜಿ-ದಾರ ಕೊಟ್ಟಿತು. ಕತ್ತರಿಸಿ ಉಳಿದ ಚಿಂದಿ ಬಟ್ಟೆಯಿಂದಲೇ ಅವರು ಬೆರಳುದ್ದದ ಗೊಂಬೆ ಮಾಡಿದರು. ಹೆಸರು ‘ಸುನಾಮಿಕಾ’. ಆ ಗೊಂಬೆಗೆ ಬೆಲೆ ಕಟ್ಟಲಿಲ್ಲ, ಉಡುಗೊರೆಯಾಗಿ ಕೊಟ್ಟರು. ದೇಣಿಗೆಯಿಂದ ಹೆಂಗಸರಿಗೆ ಹಣ ಸಂದಾಯವಾಯಿತು. ಆಘಾತದ ಹೊತ್ತಿನಲ್ಲಿ ಇದು ದೊಡ್ಡ ಆಸರೆ. ಆದರೆ ದೇಣಿಗೆ ಒಂದನ್ನೇ ನಂಬಿ ವರ್ಷಾನುಗಟ್ಟಲೆ ಸಂಸಾರ ನಡೆಸುವುದು ಕಷ್ಟ.

ಎರಡನೆಯದು ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯದು. ಅಲ್ಲಿನ ಲಂಬಾಡಿ ಜನರ ಕಸೂತಿ ಎರಡು ತಲೆಮಾರುಗಳಿಂದ ಕೈಬಿಟ್ಟು ಹೋಗಿತ್ತು. ಹಳೆಯ ಉಡುಗೆ ಹೋಯಿತು, ಅದರ ಜೊತೆ ಹೊಲಿಗೆಯೂ ಹೋಯಿತು. ಕಣಿವೆಯಲ್ಲಿ 1993ರಿಂದ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ ದಂಪತಿಗಳಲ್ಲಿ ಒಬ್ಬರಾದ ಡಾ. ಲಲಿತಾ ರೇಜಿ ಅವರು, ಕಸೂತಿ ನೆನಪಿದ್ದ ಹಿರಿಯ ಹೆಂಗಸರಿಂದ ಕಿರಿಯರಿಗೆ ಕಲಿಸುವ ಏರ್ಪಾಡು ಮಾಡಿದರು. 2006ರಲ್ಲಿ ‘ಪೊರ್ಗೈ’ ಹುಟ್ಟಿತು. ಲಂಬಾಡಿ ಭಾಷೆಯಲ್ಲಿ ಈ ಪದಕ್ಕೆ ಹೆಮ್ಮೆ ಎಂಬ ಅರ್ಥ. ಸಹಜ ಬಣ್ಣದ ಹತ್ತಿ ಬಟ್ಟೆಯ ಮೇಲೆ ಅವರ ಸೂಜಿ ಓಡುತ್ತದೆ. ನಮ್ಮ ಸಂಡೂರಿನ ಲಂಬಾಣಿ ಕಸೂತಿ ಬಲ್ಲವರಿಗೆ ಇದು ಹತ್ತಿರದ ನೆಂಟನಂತೆ ಕಾಣುತ್ತದೆ. ಸಂಡೂರಿನಲ್ಲೂ ಕುಶಲ ಕಲಾ ಕೇಂದ್ರ ಅದೇ ಕೆಲಸ ಮಾಡಿದೆ, ಆ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಇಲ್ಲಿ ಒಂದು ಅಂಶ ಗಮನಿಸಿ. ಪೊರ್ಗೈ ಹೆಂಗಸರು ಬರೀ ಹೊಲಿದು ಕೊಡುವ ಕೈಗಳಲ್ಲ, ತಮ್ಮದೇ ವಿದ್ಯೆ ಮತ್ತು ತಮ್ಮದೇ ಹೆಸರು ಅವರಿಗಿದೆ. ಇಂಥವರ ಜೊತೆ ದರ ಮಾತನಾಡುವಾಗ ಕೊಳ್ಳುವವರು ಸ್ವಲ್ಪ ತಗ್ಗಿಯೇ ಮಾತನಾಡಬೇಕಾಗುತ್ತದೆ!

ಹೆಗ್ಗೋಡಿನ ಪಾಠ

ಕನ್ನಡ ನಾಡಿನಲ್ಲಿ ಈ ಮಾತು ಬಂದರೆ ಮೊದಲು ನೆನಪಾಗುವುದು ‘ಚರಕ’. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ ಮಹಿಳಾ ಸಹಕಾರ ಸಂಘವಿದು. ನೇಯ್ಗೆ, ಬಣ್ಣ, ಅಚ್ಚು, ಹೊಲಿಗೆ ಎಲ್ಲವೂ ಹಳ್ಳಿಯ ಹೆಂಗಸರದೇ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಇಲ್ಲಿ ಬಟ್ಟೆಗೆ ಬಣ್ಣವಾಯಿತು. ಮಾರುವ ಕೆಲಸಕ್ಕೆಂದೇ ‘ದೇಸಿ’ ಎಂಬ ಬೇರೆ ಸಂಸ್ಥೆ ಹುಟ್ಟಿತು. ತಯಾರಿಸುವವರು ತಯಾರಿಕೆ ನೋಡಿಕೊಳ್ಳಲಿ, ಬೆಂಗಳೂರಿನ ಗ್ರಾಹಕರನ್ನು ದೇಸಿ ನೋಡಿಕೊಳ್ಳಲಿ ಎಂಬ ಲೆಕ್ಕಾಚಾರ.

ಬಹಳ ವರ್ಷ ಇದು ನಡೆಯಿತು. ಆದರೆ 2020ರಲ್ಲಿ ಕೊರೊನಾ ಬಂದು ಅಂಗಡಿಗಳು ಮುಚ್ಚಿದಾಗ, ಮಾರಾಟವಾಗದ ಬಟ್ಟೆ ರಾಶಿ ಬಿತ್ತು. ಸರ್ಕಾರದಿಂದ ಬರಬೇಕಾದ ನೆರವೂ ಸಕಾಲಕ್ಕೆ ಬರಲಿಲ್ಲ. ಚರಕ ದಿವಾಳಿಯ ಸ್ಥಿತಿ ತಲುಪಿದೆಯೆಂದು ಬಹಿರಂಗವಾಗಿ ಹೇಳಬೇಕಾಯಿತು. ಕೆಲಸ ಕೆಟ್ಟದ್ದಾಗಿತ್ತೇ? ಇಲ್ಲ. ಬಟ್ಟೆ ಚೆನ್ನಾಗಿಯೇ ಇತ್ತು. ಹಣ ಬಟ್ಟೆಯ ರೂಪದಲ್ಲಿ ಕಪಾಟಿನಲ್ಲಿ ಕೂತುಬಿಟ್ಟರೆ ಶನಿವಾರದ ಕೂಲಿ ಎಲ್ಲಿಂದ ಬರಬೇಕು?

ಹೆಗ್ಗೋಡು ಕಲಿಸಿದ ಪಾಠ ಇದು: ಮೆಚ್ಚುಗೆಯಿಂದ ಹೊಲಿಗೆ ಕೇಂದ್ರ ಉಳಿಯುವುದಿಲ್ಲ, ಸಕಾಲಕ್ಕೆ ಬರುವ ಹಣದಿಂದ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ಒಪ್ಪಂದದಲ್ಲಿ ಮೂರು ಮಾತು ಇರಲೇಬೇಕು. ಬಟ್ಟೆ ಮತ್ತು ದಾರದ ಖರ್ಚಿಗೆ ಮುಂಗಡ. ಮಾಲು ತಲುಪಿದ ಮೇಲೆ ಇಂತಿಷ್ಟು ದಿನದಲ್ಲಿ ಬಾಕಿ. ಅಳತೆ ತಪ್ಪಿ ಅಂಗಿ ವಾಪಸಾದರೆ ನಷ್ಟ ಯಾರದು ಎಂಬುದರ ಬಗ್ಗೆ ಮೊದಲೇ ಸ್ಪಷ್ಟ ಮಾತು. ಮಾರಾಟವಾದ ಮೇಲೆ ಹಣ ಕೊಡುತ್ತೇನೆ ಎನ್ನುವವರು ಎಷ್ಟೇ ಪರಿಸರದ ಮಾತಾಡಿದರೂ, ವ್ಯಾಪಾರದ ಅಪಾಯವನ್ನು ಹೊಲಿಯುವಾಕೆಯ ತಲೆಗೆ ಕಟ್ಟಿದಂತೆಯೇ.

ತೆರಿಗೆಯ ಕಥೆಯೂ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರದಂತೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ದಾಟಿದರೆ ಶೇ. 18. ಕಸೂತಿ ಹೆಚ್ಚಿದಷ್ಟೂ ಕೂಲಿ ಹೆಚ್ಚು, ಕೂಲಿ ಹೆಚ್ಚಿದಂತೆ ಬೆಲೆ ಹೆಚ್ಚು, ಬೆಲೆ ಗೆರೆ ದಾಟಿದರೆ ತೆರಿಗೆಯೂ ಹೆಚ್ಚು.

ನಾವೇನು ಮಾಡಬಹುದು?

ಚೆನ್ನೈನಲ್ಲಿ ಹುಡುಕಿದರೆ ದಾರಿಗಳಿವೆ. ಮಳೆಯನ್ನೇ ನಂಬಿ ಬೆಳೆದ ನಾಟಿ ಹತ್ತಿ, ಕೈನೂಲು, ಕೈಮಗ್ಗ, ಸಹಜ ಬಣ್ಣ ಎಂಬ ಹಾದಿ ಹಿಡಿದು ‘ತುಲಾ’ ಎಂಬ ಪ್ರಯತ್ನ ಹುಟ್ಟಿದ್ದು ಇದೇ ನಗರದಲ್ಲಿ. ರೈತನಿಂದ ದರ್ಜಿಯವರೆಗೆ ಎಲ್ಲರಿಗೂ ನ್ಯಾಯವಾದ ಪಾಲು ಸಿಗಬೇಕೆಂಬುದು ಅದರ ಗುರಿ.

ಇಂಥ ಅಂಗಡಿಗೋ ಮೇಳಕ್ಕೋ ಹೋದಾಗ ಸಂಕೋಚವಿಲ್ಲದೆ ಮೂರು ಪ್ರಶ್ನೆ ಕೇಳಿ. ಇದನ್ನು ಹೊಲಿದವರು ಯಾವ ಊರಿನವರು? ಅವರಿಗೆ ಹಣ ಸಿಗುವುದು ಹೊಲಿದಾಗಲೋ, ಮಾರಾಟವಾದಾಗಲೋ? ವರ್ಷವಿಡೀ ಅವರಿಗೆ ಕೆಲಸ ಇದೆಯೇ? ಪ್ರಾಮಾಣಿಕವಾಗಿ ನಡೆಸುವವರು ಖುಷಿಯಿಂದಲೇ ಉತ್ತರ ಕೊಡುತ್ತಾರೆ. ‘ಆರ್ಗ್ಯಾನಿಕ್’ ಎಂಬ ಚೀಟಿ ತೋರಿಸಿ ಮಾತು ತಿರುಗಿಸಿದರೆ ಮುಂದಿನ ಅಂಗಡಿ ನೋಡಿ.

ನಮ್ಮ ಸಂಘಗಳೂ ಮನಸ್ಸು ಮಾಡಬಹುದು. ರಾಜ್ಯೋತ್ಸವಕ್ಕೆ ಮಕ್ಕಳ ತಂಡಕ್ಕೆ ಸಮವಸ್ತ್ರ, ಅತಿಥಿಗಳಿಗೆ ಬಟ್ಟೆಯ ಚೀಲ ಹೇಗೂ ಬೇಕಲ್ಲ? ಅಕ್ಟೋಬರ್ ಕೊನೆಯ ವಾರ ಓಡುವ ಬದಲು ಜುಲೈನಲ್ಲೇ ಒಂದು ಹೊಲಿಗೆ ಕೇಂದ್ರಕ್ಕೆ ಅಳತೆ, ಮುಂಗಡ ಎರಡನ್ನೂ ಕೊಟ್ಟುಬಿಡಿ. ಆಡಿ ತಿಂಗಳ ಖಾಲಿ ದಿನಗಳಲ್ಲಿ ಆ ಹೆಂಗಸರಿಗೆ ಕೆಲಸ ಸಿಗುತ್ತದೆ, ನಿಮಗೆ ನವೆಂಬರ್ ಒಂದರ ಹೊತ್ತಿಗೆ ಬಟ್ಟೆ ಸಿದ್ಧ.

ಹೊಲಿಗೆ ಕೇಂದ್ರಕ್ಕೆ ಆರ್ಡರ್ ಕೊಟ್ಟ ಅನುಭವ ನಿಮಗಿದ್ದರೆ ನಮಗೆ ಬರೆಯಿರಿ, ಕಾರ್ಯಕ್ರಮದಲ್ಲಿ ಹಂಚಿಕೊಳ್ಳೋಣ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕನ್ನಡದಲ್ಲೇ ಮಾತಾಡುತ್ತಿರಿ.