ಬೇಲಿಯೇ ಎದ್ದು ಹೊಲ ಮೇಯಬಾರದು

ಚಾಂಪಿಯನ್ ರೀಫ್ಸ್‌ನ ಹಿರಿಯರಿಗೆ 'ಸರ್ಟಿಫಿಕೇಟು' ಎಂಬ ಮಾತಿನ ತೂಕವನ್ನು ಯಾರೂ ಹೊಸದಾಗಿ ತಿಳಿಸಬೇಕಾಗಿಲ್ಲ. ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಇಲ್ಲಿನ ಗಣಿಯಲ್ಲಿ ಮದ್ದು ಸಿಡಿಸುವ ಬ್ಲಾಸ್ಟರ್, ಕೆಲಸದ ಜಾಗವನ್ನು ಪರೀಕ್ಷಿಸುವ ಮೇಟ್, ಕೇಜನ್ನು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ ಚಾಲಕ, ಫೋರ್‌ಮನ್, ಮ್ಯಾನೇಜರ್ ಇವರೊಬ್ಬೊಬ್ಬರಿಗೂ ಪ್ರತ್ಯೇಕ ಅರ್ಹತಾ ಪತ್ರ ಬೇಕಾಗಿತ್ತು. 1952ರ ಗಣಿ ಕಾಯ್ದೆ ಹಾಗೂ 1961ರ ಲೋಹ ಗಣಿಗಳ ನಿಯಮಾವಳಿಗಳ ಪ್ರಕಾರ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ಆ ಸ್ಥಾನಗಳಲ್ಲಿ ಕೂರುವಂತಿರಲಿಲ್ಲ.

ಇದರ ಕಾರಣ ಸರಳವಾದುದು. ಕೇಜಿನೊಳಗೆ ನಿಂತವರಿಗೆ ಎಂಜಿನ್ ಮನೆಯಲ್ಲಿ ಕುಳಿತ ಚಾಲಕನ ಮುಖ ಕಾಣುತ್ತಿರಲಿಲ್ಲ. ಚಾಲಕನಿಗೂ ಅವರು ಕಾಣುತ್ತಿರಲಿಲ್ಲ. ನಡುವೆ ಇದ್ದದ್ದು ಗಂಟೆಯ ಸಂಜ್ಞೆ ಮತ್ತು ಉಕ್ಕಿನ ಹಗ್ಗ. 'ಈತ ಬಲ್ಲವನು' ಎಂದು ಸಾಕ್ಷಿ ಹೇಳುತ್ತಿದ್ದುದು ಆ ಅರ್ಹತಾ ಪತ್ರವೊಂದೇ. ತಾವೇ ಪರೀಕ್ಷಿಸಿ ನೋಡಲಾಗದವರು ನಂಬಿ ನಡೆಯಲೆಂದು ಕೊಟ್ಟ ಸಾಕ್ಷ್ಯವೇ ಸರ್ಟಿಫಿಕೇಟು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಂದು ಕೆಲಸ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಜಾವ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇವರಲ್ಲಿ ಕಂಪ್ಯೂಟರ್ ಕ್ಷೇತ್ರವನ್ನು, ಅದರಲ್ಲಿಯೂ ಮಾಹಿತಿ ಭದ್ರತೆ ಎಂಬ ಹೊಸ ಕಾಯಕವನ್ನು ಆರಿಸಿಕೊಂಡ ಯುವಕ ಯುವತಿಯರಿದ್ದಾರೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ವಿದ್ಯುತ್ ಜಾಲ ಇವುಗಳನ್ನು ಕಳ್ಳರಿಂದ ಕಾಯುವ ಉದ್ಯೋಗವಿದು. ಇಲ್ಲಿಯೂ ಅರ್ಹತಾ ಪರೀಕ್ಷೆಗಳಿವೆ. ಅವುಗಳಿಗೆ ಪ್ರಾಮಾಣಿಕವಾಗಿ ಸಿದ್ಧರಾಗುವುದು ಹೇಗೆ ಎಂಬುದೇ ಈ ವಾರದ ವಿಚಾರ.

ಪರೀಕ್ಷೆಯ ಸ್ವರೂಪ

ಈ ಪರೀಕ್ಷೆಗಳಲ್ಲಿ ಮೂರು ನಮ್ಮ ಕಡೆಯ ಉದ್ಯೋಗಾರ್ಥಿಗಳಿಗೆ ಹೆಚ್ಚು ಪರಿಚಿತ. ಆರಂಭದ ಹಂತದವರಿಗೆ ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಇದೆ. ಲೆಕ್ಕ ತಪಾಸಣೆಯ ದಾರಿಯವರಿಗೆ ಇಸಾಕಾ ಸಂಸ್ಥೆ 1978ರಿಂದ ನಡೆಸುತ್ತಿರುವ ಸಿಐಎಸ್‌ಎ ಇದೆ. ಅನುಭವಿಗಳಿಗೆ ಐಎಸ್‌ಸಿ-2 ಸಂಸ್ಥೆ 1994ರಲ್ಲಿ ಆರಂಭಿಸಿದ ಸಿಐಎಸ್‌ಎಸ್‌ಪಿ ಇದೆ. ಈ ಕೊನೆಯದರ ಇಂಗ್ಲಿಷ್ ಪರೀಕ್ಷೆಯಲ್ಲಿ 2024ರ ಏಪ್ರಿಲಿನಿಂದ ಮೂರು ತಾಸಿನಲ್ಲಿ 100ರಿಂದ 150 ಪ್ರಶ್ನೆಗಳು ಬರುತ್ತವೆ. ತೇರ್ಗಡೆಗೆ 1000ಕ್ಕೆ 700 ಅಂಕ ಬೇಕು. ಅಭ್ಯರ್ಥಿಯು ಕೊಡುವ ಉತ್ತರವನ್ನು ಅನುಸರಿಸಿ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ಕಂಪ್ಯೂಟರೇ ನಿರ್ಧರಿಸುತ್ತದೆ. ಒಮ್ಮೆ ದಾಟಿದ ಪ್ರಶ್ನೆಗೆ ಹಿಂದಿರುಗಲು ಅವಕಾಶವಿಲ್ಲ.

ಪರೀಕ್ಷೆಗೆ ಮುನ್ನ ಅಭ್ಯರ್ಥಿಯು ಒಂದು ವಾಗ್ದಾನಕ್ಕೆ ಒಪ್ಪಿಗೆ ಕೊಡಬೇಕು. ಕಂಡ ಪ್ರಶ್ನೆಗಳನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂಬುದೇ ಆ ವಾಗ್ದಾನ. ಗುಟ್ಟನ್ನು ಕಾಯುವ ಉದ್ಯೋಗಕ್ಕೆ ಹೊರಟವರಿಗೆ ಇದು ಮೊದಲ ಪರೀಕ್ಷೆ ಎಂದರೂ ಸಲ್ಲುತ್ತದೆ.

ಡಂಪ್ ಎಂಬ ಬಲೆ

'ಡಂಪ್' ಎಂದರೆ ನಮ್ಮ ಊರಿನವರ ಕಣ್ಣ ಮುಂದೆ ಬರುವುದು ಸೈನೈಡ್ ದಿಬ್ಬಗಳು. ಅದಿರನ್ನು ಅರೆದು, ಚಿನ್ನವನ್ನು ಬೇರ್ಪಡಿಸಿ, ಮಿಕ್ಕ ಹುಡಿಯನ್ನು ಶತಮಾನಕ್ಕೂ ಮಿಗಿಲಾಗಿ ಸುರಿದು ಬೆಳೆಸಿದ ಗುಡ್ಡಗಳವು. ದೂರಕ್ಕೆ ಬೆಟ್ಟದಂತೆ ಕಂಡರೂ ಗಾಳಿ ಬೀಸಿದಾಗ ಧೂಳಾಗಿ ಮನೆಗಳಿಗೆ ನುಗ್ಗುತ್ತವೆ. ಪರೀಕ್ಷೆಯ ಲೋಕದಲ್ಲಿಯೂ ಇದೇ ಹೆಸರಿನ ಸರಕು ಮಾರಾಟವಾಗುತ್ತದೆ. ಪರೀಕ್ಷೆ ಬರೆದವರು ನೆನಪಿನಿಂದ ಹೊರಗೆ ಸಾಗಿಸಿದ, ಇಲ್ಲವೇ ಕದ್ದು ತೆಗೆದ ನಿಜವಾದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಟ್ಟುಗೂಡಿಸಿ 'ಡಂಪ್' ಎಂದು ಮಾರುತ್ತಾರೆ. ಅರಿವೆಂಬ ಚಿನ್ನ ಸೋರಿಹೋಗಿ ಉಳಿದ ಹುಡಿಯದು.

ಈ ಸರಕನ್ನು ಗುರುತಿಸುವುದು ಕಷ್ಟವಲ್ಲ. ಪುಸ್ತಕದ ಲೇಖಕರು ತಾವೇ ರಚಿಸಿದ ಅಭ್ಯಾಸದ ಪ್ರಶ್ನೆಗಳು ನ್ಯಾಯವಾದವು. ಅವುಗಳನ್ನು ಎಷ್ಟು ಬೇಕಾದರೂ ಬಿಡಿಸಬಹುದು. 'ಇವೇ ಪ್ರಶ್ನೆಗಳು ಬರುತ್ತವೆ, ತೇರ್ಗಡೆ ಖಂಡಿತ' ಎಂದು ಮಾರುವವನು ಕದ್ದ ಮಾಲನ್ನು ಮಾರುತ್ತಿದ್ದಾನೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ. ದಶಾಜ್ಞೆಗಳನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ಇಲ್ಲಿ ಎರಡು ಆಜ್ಞೆಗಳು ಒಟ್ಟಿಗೆ ಮುರಿಯುವುದು ಕಾಣದಿರದು. ಪ್ರಶ್ನೆಯನ್ನು ಪಡೆದದ್ದು ಕಳವು. ಅದರಿಂದ ಗಳಿಸಿದ ಪತ್ರವು ಕಳ್ಳಸಾಕ್ಷಿ.

ಪ್ರಶ್ನೆಪತ್ರಿಕೆಯ ಕಳವು ಎಂಥ ನೋವನ್ನು ತರುತ್ತದೆಂಬುದನ್ನು ಕರ್ನಾಟಕದ ಮನೆಮನೆಗಳು ಬಲ್ಲವು. 2016ರ ಮಾರ್ಚಿಯಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಬಾರಿ ಸೋರಿಹೋಗಿ, ಕಷ್ಟಪಟ್ಟು ಓದಿದ ಮಕ್ಕಳು ಏಪ್ರಿಲಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. 2022ರಲ್ಲಿ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣದಿಂದ ರದ್ದಾಯಿತು. ಎರಡು ಸಂದರ್ಭಗಳಲ್ಲಿಯೂ ದಂಡ ತೆತ್ತವರು ನೇರವಾಗಿ ನಡೆದವರೇ.

ನಷ್ಟ ಯಾರಿಗೆ?

'ಖಾಸಗಿ ಸಂಸ್ಥೆಯ ಪರೀಕ್ಷೆಯಲ್ಲಿ ಕೊಂಚ ಹೆಚ್ಚುಕಡಿಮೆಯಾದರೆ ಯಾರಿಗೇನು ನಷ್ಟ?' ಎಂದು ಕೇಳುವವರುಂಟು. ಅದಕ್ಕೆ ಉತ್ತರವಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯ ಪ್ರಕರಣವನ್ನು ನೆನೆಯಬಹುದು. 2022ರ ನವೆಂಬರ್ 23ರಂದು ದುಷ್ಕರ್ಮಿಗಳು ಅಲ್ಲಿನ ಸರ್ವರುಗಳಿಗೆ ನುಗ್ಗಿ ದಾಖಲೆಗಳನ್ನು ಓದಲಾಗದಂತೆ ಬೀಗ ಹಾಕಿಬಿಟ್ಟರು. ಸುಮಾರು ಎರಡು ವಾರಗಳ ಕಾಲ ರೋಗಿಗಳ ನೋಂದಣಿ, ಪರೀಕ್ಷಾ ವರದಿ ಎಲ್ಲವೂ ಕೈಬರಹದಲ್ಲಿ ನಡೆಯಬೇಕಾಯಿತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸದೆ ಇದ್ದುದು ಕಾರಣವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು.

ಈ ವಿಂಗಡಣೆ ಎಲ್ಲ ಭದ್ರತಾ ಪರೀಕ್ಷೆಗಳ ಪಠ್ಯದಲ್ಲಿಯೂ ಇರುವ ವಿಷಯ. ಒಂದು ಕಡೆ ಬೆಂಕಿ ಬಿದ್ದರೆ ಹೊಗೆ ಮತ್ತೊಂದೆಡೆಗೆ ಹರಡದಂತೆ ಗಣಿಯೊಳಗೆ ಬಾಗಿಲುಗಳನ್ನೂ ಅಡ್ಡಗೋಡೆಗಳನ್ನೂ ಇಡುತ್ತಾರಲ್ಲ, ಅದೇ ತತ್ವ. 'ಸರಿಯುತ್ತರ ಬಿ' ಎಂದು ಬಾಯಿಪಾಠ ಮಾಡಿದವನಿಗೆ ಅಂಕ ಬರಬಹುದು. ಆದರೆ ನಾಳೆ ಒಂದು ಆಸ್ಪತ್ರೆಯ ಜಾಲದ ಮುಂದೆ ನಿಂತಾಗ ಬಾಗಿಲನ್ನು ಎಲ್ಲಿ ಇಡಬೇಕೆಂದು ಅವನಿಗೆ ತೋಚುವುದಿಲ್ಲ. ವಾರ್ಡಿನಲ್ಲಿ ಮಲಗಿದ ರೋಗಿಗೆ ಅವನ ಮುಖವೂ ತಿಳಿದಿರುವುದಿಲ್ಲ. ಕೇಜಿನೊಳಗೆ ನಿಂತವರ ಸ್ಥಿತಿಯೇ ಆ ರೋಗಿಯದು.

ಸಿದ್ಧತೆಯ ದಾರಿ

ಡಂಪಿನ ಆಸೆ ಹುಟ್ಟುವುದು ಬಹುಮಟ್ಟಿಗೆ ಹಣದ ಭಯದಿಂದ ಎಂಬುದನ್ನು ನಾವು ಮರೆಯಬಾರದು. ಸಿಐಎಸ್‌ಎಸ್‌ಪಿ ಪರೀಕ್ಷೆಗೆ 749 ಡಾಲರ್ ಶುಲ್ಕ. ನಮ್ಮ ರೂಪಾಯಿಯಲ್ಲಿ ಅರವತ್ತು ಸಾವಿರವನ್ನೂ ಮೀರುತ್ತದೆ. ತಾಯಿಯ ಕೊರಳ ಸರವನ್ನು ಅಡವಿಟ್ಟು ಶುಲ್ಕ ಕಟ್ಟಿದ ಮಗನಿಗೆ ನಪಾಸಾಗುವ ಭಯ ಎಷ್ಟಿರಬಹುದೆಂಬುದನ್ನು ಊಹಿಸಬಲ್ಲೆವು. ಆದಕಾರಣ ಶುಲ್ಕ ಕಟ್ಟಿ ದಿನ ಗೊತ್ತುಮಾಡುವ ಆತುರ ಬೇಡ. ಸಿದ್ಧತೆ ಮೊದಲು, ಶುಲ್ಕ ಆಮೇಲೆ.

ಸಂಸ್ಥೆಯೇ ಉಚಿತವಾಗಿ ಪ್ರಕಟಿಸುವ ಪರೀಕ್ಷಾ ರೂಪರೇಖೆಯಿಂದ ಆರಂಭಿಸಬೇಕು. ಸಿಐಎಸ್‌ಎಸ್‌ಪಿಯ ಎಂಟು ವಿಭಾಗಗಳಲ್ಲಿ ಭದ್ರತೆ ಮತ್ತು ಅಪಾಯ ನಿರ್ವಹಣೆಗೆ ಶೇಕಡ 16ರ ಪಾಲು. ಉಳಿದ ಏಳಕ್ಕೆ ಶೇಕಡ 10ರಿಂದ 13. ಪ್ರತಿಯೊಂದು ಸಾಲಿನ ಎದುರು 'ಬಲ್ಲೆ', 'ಅರೆಬರೆ ಬಲ್ಲೆ', 'ಅರಿಯೆ' ಎಂದು ಕೈಯಾರೆ ಬರೆದುಕೊಳ್ಳಬೇಕು. ಪ್ರಾಮಾಣಿಕತೆ ಆರಂಭವಾಗುವುದು ಈ ಕಾಗದದ ಮೇಲೆಯೇ. ತನ್ನನ್ನು ತಾನು ವಂಚಿಸಿಕೊಳ್ಳದವನು ಪರರನ್ನು ವಂಚಿಸುವುದು ವಿರಳ.

ರೈಲಿನಲ್ಲಿ ಕಳೆಯುವ ಸಮಯ ಈ ವಿಷಯದಲ್ಲಿ ವರವಾಗಬಲ್ಲದು. ಬೆಳಿಗ್ಗೆ ಹೋಗುವಾಗ ಒಂದು ಭಾಗವನ್ನು ಓದಿ, ಸಂಜೆ ಮರಳುವಾಗ ಪುಸ್ತಕವನ್ನು ಮುಚ್ಚಿಟ್ಟು ಓದಿದ್ದನ್ನು ತನ್ನದೇ ಮಾತಿನಲ್ಲಿ ಬರೆದು ನೋಡುವುದು ಒಳ್ಳೆಯ ಕ್ರಮ. ಅಭ್ಯಾಸದ ಪ್ರಶ್ನೆಯನ್ನು ಬಿಡಿಸಿದಾಗ ಸರಿಯುತ್ತರ ಸಿಕ್ಕಿತೆಂದು ಮುಂದೆ ಸಾಗದೆ, ಉಳಿದ ಮೂರು ಉತ್ತರಗಳು ಏಕೆ ತಪ್ಪು ಎಂಬುದನ್ನು ವಿವರಿಸಲು ಬರುತ್ತದೆಯೇ ನೋಡಬೇಕು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಮಾರ್ಗದರ್ಶಿಗಳೂ ಓವಾಸ್ಪ್ ಸಂಸ್ಥೆಯ ಟಾಪ್ ಟೆನ್ ಪಟ್ಟಿಯೂ ಹಣವಿಲ್ಲದೆ ದೊರೆಯುತ್ತವೆ. ನಮ್ಮ ದೇಶದ ನಿಯಮಗಳೂ ತಿಳಿದಿರಬೇಕು. ಸೈಬರ್ ದಾಳಿಯಾದುದನ್ನು ಅರಿತ ಆರು ತಾಸಿನೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ.

ಪ್ರಯೋಗ ಮಾಡಿ ಕಲಿಯುವವರು ತಮ್ಮದೇ ಹಳೆಯ ಕಂಪ್ಯೂಟರಿನ ಮೇಲೆ ಮಾಡಬೇಕು. ಅನುಮತಿಯಿಲ್ಲದೆ ಇನ್ನೊಬ್ಬರ ಜಾಲದೊಳಗೆ ಇಣುಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಕಲಿಕೆಗೆಂದು ಮಾಡಿದೆ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಸ್ನೇಹವೂ ಸತ್ಯವೂ

ಇಲ್ಲೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಗಣಿಯ ಲೈನುಗಳಲ್ಲಿ ಬೆಳೆದವರು ಹಂಚಿಕೊಂಡು ಉಣ್ಣುವುದನ್ನು ಕಲಿತವರು. ನೆರೆಮನೆಯ ಗೆಳೆಯ 'ಏನೇನು ಬಂದಿತ್ತು, ಹೇಳೋ' ಎಂದು ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದು ಜಂಬವೆಂದೋ ಸ್ವಾರ್ಥವೆಂದೋ ತೋರಬಹುದು. ಹಾಗಲ್ಲ. ಪುಸ್ತಕವನ್ನು ಕೊಡಬಹುದು, ಟಿಪ್ಪಣಿಗಳನ್ನು ಕೊಡಬಹುದು, ಅರ್ಥವಾಗದ ಅಧ್ಯಾಯವನ್ನು ಜತೆಗೆ ಕುಳಿತು ವಿವರಿಸಬಹುದು. ಇವೆಲ್ಲ ನಮ್ಮ ಸ್ವಂತ ಆಸ್ತಿ. ಕಂಡ ಪ್ರಶ್ನೆಯಾದರೋ ನಮ್ಮದಲ್ಲ. ನಮ್ಮದಲ್ಲದ್ದನ್ನು ಕೊಟ್ಟರೆ ಅದು ದಾನವೆನಿಸದು.

ಇನ್ನೊಂದು ಇಕ್ಕಟ್ಟು ಪರೀಕ್ಷೆ ಮುಗಿದ ಮೇಲೆ ಎದುರಾಗುತ್ತದೆ. ಸಿಐಎಸ್‌ಎಸ್‌ಪಿಗೆ ಎಂಟು ವಿಭಾಗಗಳ ಪೈಕಿ ಎರಡರಲ್ಲಾದರೂ ಒಟ್ಟು ಐದು ವರ್ಷಗಳ ಅನುಭವ ಬೇಕು. ಸೂಕ್ತ ಪದವಿಯಿದ್ದರೆ ಒಂದು ವರ್ಷದ ರಿಯಾಯಿತಿ ಉಂಟು. ಈಗಾಗಲೇ ಅರ್ಹತೆ ಪಡೆದ ಒಬ್ಬ ಸದಸ್ಯರು ಆ ಅನುಭವಕ್ಕೆ ಸಾಕ್ಷಿಯಾಗಿ ಅನುಮೋದಿಸಬೇಕು. 'ಅಣ್ಣಾ, ಒಂದು ಸಹಿ ಹಾಕಿಕೊಡಿ' ಎಂದು ಊರಿನ ಕಿರಿಯನೊಬ್ಬ ಬಂದಾಗ ಮಮತೆ ಮೇಲಾಗುವುದು ಸಹಜ. ಆದರೆ ಪ್ರಿಂಟರ್ ದುರಸ್ತಿ ಮಾಡಿದ ವರ್ಷಗಳನ್ನು ಭದ್ರತಾ ಕಾರ್ಯವೆಂದು ಬರೆದ ಅರ್ಜಿಗೆ ಸಹಿ ಹಾಕುವ ಅಣ್ಣನು ತಮ್ಮನಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಸಂಸ್ಥೆಯು ಅರ್ಜಿಗಳನ್ನು ಆಯ್ದು ತಪಾಸಿಸುತ್ತದೆ. ಸುಳ್ಳು ಬಯಲಾದರೆ ಇಬ್ಬರ ಪತ್ರಕ್ಕೂ ಕುತ್ತು. ನ್ಯಾಯವಾದ ದಾರಿ ಇದ್ದೇ ಇದೆ. ಅನುಭವ ಸಾಲದವರು ತೇರ್ಗಡೆಯಾದ ಮೇಲೆ 'ಅಸೋಸಿಯೇಟ್' ಆಗಿ ಉಳಿದು ಆರು ವರ್ಷಗಳೊಳಗೆ ಅನುಭವವನ್ನು ಪೂರೈಸಿಕೊಳ್ಳಬಹುದು. ಆ ಹೆಸರಿನಲ್ಲಿ ಅವಮಾನವೇನೂ ಇಲ್ಲ.

ಇಷ್ಟಾಗಿಯೂ ನಪಾಸಾದರೆ? ಮೊದಲ ಪ್ರಯತ್ನದ ಮೂವತ್ತು ದಿನಗಳ ಬಳಿಕ ಮತ್ತೆ ಕೂರಬಹುದು. ಯಾವ ವಿಭಾಗದಲ್ಲಿ ಹಿಂದೆ ಬಿದ್ದೆವೆಂಬುದನ್ನು ಫಲಿತಾಂಶದ ಹಾಳೆಯೇ ತಿಳಿಸುತ್ತದೆ. ಪ್ರಾಮಾಣಿಕವಾಗಿ ಸೋತವನ ಬಳಿ ಓದಿದ ವಿದ್ಯೆಯಾದರೂ ಉಳಿದಿರುತ್ತದೆ. ಡಂಪಿನಿಂದ ಗೆದ್ದವನ ಬಳಿ ಉಳಿಯುವುದು ಕಾಗದ ಮತ್ತು 'ಯಾವಾಗ ಗೊತ್ತಾಗುವುದೋ' ಎಂಬ ಅಳುಕು.

ಇದರಲ್ಲಿ ಧರ್ಮಕೇಂದ್ರಗಳಿಗೂ ಯುವಜನ ಸಂಘಗಳಿಗೂ ಪಾತ್ರವಿದೆ. ನಾಲ್ಕಾರು ಪುಸ್ತಕಗಳನ್ನು ಒಟ್ಟಾಗಿ ಕೊಂಡು ಸರದಿಯಂತೆ ಓದಬಹುದು. ಭಾನುವಾರದ ಪೂಜೆಯ ನಂತರ ಸಭಾಂಗಣದ ಒಂದು ಮೂಲೆಯನ್ನು ಅಧ್ಯಯನ ಕೂಟಕ್ಕೆ ಬಿಟ್ಟುಕೊಡಬಹುದು. ಶುಲ್ಕ ಕಟ್ಟಲಾಗದವರಿಗೆ ಸಣ್ಣ ಸಾಲ ನೀಡಿ, ಕೆಲಸ ಸಿಕ್ಕ ಮೇಲೆ ಮರಳಿಸುವ ಏರ್ಪಾಟು ಮಾಡಬಹುದು. ಹಣದ ಭಯ ಕಡಿಮೆಯಾದಷ್ಟೂ ಕಳ್ಳದಾರಿಯ ಆಕರ್ಷಣೆಯೂ ಕಡಿಮೆಯಾಗುತ್ತದೆ. ತಂದೆತಾಯಿಯರೂ 'ಪಾಸಾದೆಯಾ?' ಎಂದು ಕೇಳುವ ಮುನ್ನ 'ಏನು ಕಲಿತೆ?' ಎಂದು ಕೇಳುವ ರೂಢಿ ಮಾಡಿಕೊಂಡರೆ ಮಕ್ಕಳ ಹೆಗಲ ಭಾರ ಇಳಿಯುತ್ತದೆ.

ಐಎಸ್‌ಸಿ-2 ಸಂಸ್ಥೆಯ ನೀತಿಸಂಹಿತೆಯಲ್ಲಿ ನಾಲ್ಕು ಕರ್ತವ್ಯಗಳನ್ನು ಹೇಳಿದೆ. ಸಮಾಜದ ಹಿತ ಮತ್ತು ಜನರ ವಿಶ್ವಾಸದ ರಕ್ಷಣೆ ಮೊದಲನೆಯದು. ಪ್ರಾಮಾಣಿಕ ನಡತೆ ಎರಡನೆಯದು. ಕೆಲಸ ಕೊಟ್ಟವರಿಗೆ ಸಲ್ಲಿಸುವ ಸೇವೆ ಮೂರನೆಯದು, ವೃತ್ತಿಯ ಏಳಿಗೆ ಕೊನೆಯದು. ಸಂಬಳ ಕೊಡುವ ಧಣಿಗಿಂತಲೂ ಕಾಣದ ಜನರೇ ಮೊದಲು ಎಂಬ ಈ ಕ್ರಮ, ಕೇಜಿನವರ ಪ್ರಾಣವನ್ನು ಗಂಟೆಯ ಸದ್ದಿನಲ್ಲಿ ಕೇಳಿಸಿಕೊಂಡು ಕೆಲಸ ಮಾಡಿದವರ ಊರಿಗೆ ಹೊಸದಲ್ಲ. ಆ ಊರಿನ ಮಕ್ಕಳು ಹೊಸ ಕಾಲದ ಈ ಎಂಜಿನ್ ಮನೆಯಲ್ಲಿ ಕೂರುವಾಗ ಕೈಯಲ್ಲಿರುವ ಪತ್ರ ನಿಜವಾದದ್ದಾಗಿರಲಿ ಎಂದು ಹಾರೈಸುತ್ತೇವೆ.